ಅಶ್ವತ್ಥ್ ಕಿರುಚ್ತಿದ್ರು ಅನ್ನೋರಿಗೆ...

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ರಿಲೀಸು, ಬಗ್ಗು, ರಾತ್ರಿ ಕಾಲು... ನಿಮಗೆಲ್ಲ ಗೊತ್ತಿರೋದೇ. ಇವತ್ತು ಬರೆಯೋಕೆ ಕೂತಿದ್ದಕ್ಕೆ ಕಾರಣ ಒಬ್ಬ ಇಟಲಿಯವನು!

ನಮ್ಮ ಟೀಮಿನಲ್ಲಿ ಮಿಲಾನ್ ಆಫೀಸಿನವನೊಬ್ಬ ಇದ್ದಾನೆ. ಮೊನ್ನೆ ಮೀಟಿಂಗ್ ಶುರುವಾಗೋ ಮುಂಚೆ, ಬೇರೆಯವರೆಲ್ಲ ಸೇರಿಕೊಳ್ಳೋ ತನಕ ಸುಮ್ಮನೆ ಹರಟ್ತಾ ಇದ್ವಿ. ಮಾತು ಹಾಡಿನ ಕಡೆ ಹೋಯ್ತು. ಅವನು ಒಂದು ವೀಡಿಯೋ ಕಳಿಸಿದ. ಅಡ್ರಿಯಾನೊ ಚೆಲೆಂತಾನೊ ಅನ್ನೋ ಗಾಯಕನದು. 1938ರಲ್ಲಿ ಮಿಲಾನ್‍ನಲ್ಲಿ ಹುಟ್ಟಿದವನು, ಮೊದಲು ಗಡಿಯಾರ ರಿಪೇರಿ ಮಾಡ್ತಿದ್ದನಂತೆ. ಮೈಯಲ್ಲಿ ಸ್ಪ್ರಿಂಗ್ ಇಟ್ಟವನ ಹಾಗೆ ಕುಣಿಯುತ್ತಿದ್ದ ಅಂತ ಅಲ್ಲಿಯವರು ಅವನಿಗೆ ಅದೇ ಅರ್ಥದ ಅಡ್ಡಹೆಸರು ಇಟ್ಟಿದ್ದಾರೆ. 1961ರಲ್ಲಿ ಸಾನ್‍ರೆಮೊ ಹಾಡಿನ ಸ್ಪರ್ಧೆಯಲ್ಲಿ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಂತು ಹಾಡು ಶುರುಮಾಡಿ ದೊಡ್ಡವರ ಕೈಲೆಲ್ಲ ಬೈಸಿಕೊಂಡ. ಎರಡನೇ ಸ್ಥಾನವನ್ನೂ ತಗೊಂಡ. 1972ರಲ್ಲಿ ಒಂದು ಹಾಡು ಮಾಡಿದ. ಕೇಳೋಕೆ ಅಮೆರಿಕದ ಇಂಗ್ಲಿಷಿನ ಹಾಗೇ ಇರುತ್ತೆ, ಆದರೆ ಬಹುತೇಕ ಒಂದು ಪದಕ್ಕೂ ಅರ್ಥ ಇಲ್ಲ. ಬೇಕು ಅಂತಲೇ ಹಾಗೆ ಮಾಡಿದ್ದು. ಇಟಲಿಯವರು ಅದನ್ನ ತಲೆ ಮೇಲೆ ಹೊತ್ಕೊಂಡು ಕುಣಿದ್ರು.

"ನಿಮ್ಮ ಕಡೆ ಇಂಥವರು ಯಾರಾದ್ರೂ ಇದ್ದಾರಾ?" ಅಂತ ಕೇಳಿದ.

ನನ್ನ ಬಾಯಿಂದ ತಟ್ಟನೆ ಬಂದ ಹೆಸರು ಸಿ. ಅಶ್ವತ್ಥ್.

ಹೇಳಿಬಿಟ್ಟ ಮೇಲೆ ನನಗೇ ನಗು ಬಂತು. ಭಾವಗೀತೆ ಎಲ್ಲಿ, ರಾಕ್ ಎಲ್ಲಿ? ಜುಬ್ಬಾ ಹಾಕ್ಕೊಂಡು ಹಾರ್ಮೋನಿಯಂ ಮುಂದೆ ಕೂತು ಜಿಎಸ್ಸೆಸ್ ಕವಿತೆ ಹಾಡಿದವರನ್ನ ಗಿಟಾರ್ ಹಿಡಿದು ಕುಣಿದವನ ಜೊತೆ ಹೋಲಿಸಬಹುದಾ? ಆದರೆ ಮೀಟಿಂಗ್ ಮುಗಿಯೋ ಹೊತ್ತಿಗೆ (ಮೀಟಿಂಗಲ್ಲಿ ಏನು ಮಾತಾಡಿದ್ರು ಅಂತ ಕೇಳಬೇಡಿ) ನಾನು ಹೇಳಿದ್ದು ಸರಿಯೇ ಅನ್ನಿಸೋಕೆ ಶುರುವಾಯ್ತು. ಕಣ್ಣು ಮುಚ್ಚಿ, ಬಲಗೈ ಮೇಲೆತ್ತಿ, ತಲೆ ಕೊಡವಿ, ಎರಡು ಸಾಲಿನ ಮಧ್ಯೆ ವಾದ್ಯದವರ ಕಡೆ ಕೆಂಗಣ್ಣು ಬಿಟ್ಟು, ತಾರಸ್ಥಾಯಿಗೆ ಹೋದಾಗ ಕುತ್ತಿಗೆಯ ನರ ಉಬ್ಬಿಸಿ ಹಾಡ್ತಿದ್ದ ಆ ಮನುಷ್ಯ ರಾಕ್ ಸ್ಟಾರ್ ಅಲ್ಲದಿದ್ದರೆ ಇನ್ಯಾರು?

ಇದನ್ನ ಈಗ ಬರೀತಾ ಇರೋದಕ್ಕೆ ಇನ್ನೊಂದು ಹಳೇ ಲೆಕ್ಕ ಬಾಕಿ ಇದೆ. ನಾನು ತುಮಕೂರಿನಲ್ಲಿ ಬಿಇ ಓದ್ತಿದ್ದಾಗ ಒಂದು ಭಾವಗೀತೆ ಸ್ಪರ್ಧೆಗೆ ಹೋಗಿದ್ದೆ. ಯಾವ ಕಾಲೇಜು, ಯಾರು ನಡೆಸಿದ್ದು ಅನ್ನೋದೆಲ್ಲ ಬೇಡ. ಶರೀಫರ "ಸೋರುತಿಹುದು ಮನೆಯ ಮಾಳಿಗಿ" ಹಾಡಿದೆ. ಮುಗಿದ ಮೇಲೆ ತೀರ್ಪುಗಾರರು ಮೈಕ್ ತಗೊಂಡು ಎಲ್ಲರ ಮುಂದೆ ಹೇಳಿದ್ದು ಇಷ್ಟು: "ಭಾವಗೀತೆ ಅಂದ್ರೆ ಭಾವ ಮುಖ್ಯ. ಅಶ್ವತ್ಥ್ ಥರ ಕಿರುಚಬಾರದು." ಹಿಂದಿನ ಬೆಂಚಿನೋರೆಲ್ಲ ಹೋ ಅಂತ ನಕ್ಕರು. ನಾನೂ ನಕ್ಕೆ. ಅದೇ ಬೇಜಾರು. ಬಹುಮಾನ ಬರದೆ ಹೋಗಿದ್ದಕ್ಕೆ ನನಗೇನೂ ಅನ್ನಿಸಲಿಲ್ಲ, ನನ್ನ ಶ್ರುತಿ ನನಗೆ ಗೊತ್ತು. ಆದರೆ ಆವತ್ತು ಹೂಂ ಅಂತ ತಲೆಯಾಡಿಸಿ ನಕ್ಕು ಬಂದೆನಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಆವತ್ತು ಕೊಡಬೇಕಿದ್ದ ಉತ್ತರ ಇವತ್ತು ಕೊಡ್ತಾ ಇದ್ದೀನಿ.

ಮೊದಲು, ಈಗಿನ ಹುಡುಗರಿಗೆ ಗೊತ್ತಿರಲಿ ಅಂತ ಒಂದಿಷ್ಟು ವಿವರ. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಬಿಎಸ್ಸಿ ಓದಿ ಬೆಂಗಳೂರಿನ ಐಟಿಐ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‍ನಲ್ಲಿ 27 ವರ್ಷ ಕೆಲಸ ಮಾಡಿದರು. ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿ ನಿವೃತ್ತಿ. ಈ ವಿಷಯ ನನಗೆ ಮೊದಲ ಸಲ ಗೊತ್ತಾದಾಗ ಎಷ್ಟು ಖುಷಿಯಾಯ್ತು ಗೊತ್ತಾ? ಪಂಚ್ ಮಾಡಿ ಒಳಗೆ ಹೋಗಿ, ಸಂಜೆ ಹೊರಗೆ ಬಂದು, ಆಮೇಲೆ ನಾಟಕದ ರಿಹರ್ಸಲ್ಲಿಗೆ ಓಡಿ ಟ್ಯೂನ್ ಹಾಕಿದ ಮನುಷ್ಯ! ನಾವು ಒಂದು ಬ್ಲಾಗ್ ಬರೆಯೋಕೆ "ಟೈಮೇ ಸಿಗಲ್ಲಪ್ಪ" ಅಂತೀವಿ :-)

ಹಿಂದೂಸ್ತಾನಿ ಸಂಗೀತವನ್ನ ದೇವಗಿರಿ ಶಂಕರ ಜೋಶಿಯವರಲ್ಲಿ ಕಲಿತಿದ್ದರು. ಬಂದಿದ್ದು ಹವ್ಯಾಸಿ ರಂಗಭೂಮಿಯ ದಾರಿಯಲ್ಲಿ. ಮಾಸ್ತಿಯವರ ನಾಟಕದಿಂದ ಸಿ. ಆರ್. ಸಿಂಹ ಮಾಡಿದ 1970ರ ದಶಕದ "ಕಾಕನಕೋಟೆ" ಸಿನಿಮಾಕ್ಕೆ ಸಂಗೀತ ಕೊಟ್ಟ ಮೇಲೆ ಜನ ಗುರುತಿಸೋಕೆ ಶುರುಮಾಡಿದರು. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ ಅಶ್ವತ್ಥ್-ವೈದಿ ಅಂತ ಕೆಲವು ಸಿನಿಮಾ. 1990ರಲ್ಲಿ ನಾಗಾಭರಣರ "ಸಂತ ಶಿಶುನಾಳ ಶರೀಫ", ಅದರ ಬೆನ್ನಿಗೆ "ಮೈಸೂರು ಮಲ್ಲಿಗೆ", 1993ರಲ್ಲಿ ಮಕ್ಕಳೆಲ್ಲ ಹಾಡಿಕೊಂಡು ಓಡಾಡಿದ "ಚಿನ್ನಾರಿ ಮುತ್ತ", 1997ರಲ್ಲಿ "ನಾಗಮಂಡಲ". ಇದರ ಜೊತೆಜೊತೆಗೆ ಕ್ಯಾಸೆಟ್ಟುಗಳು. ಪಟ್ಟಿ ಸಾಕು, ಬೇಕಾದೋರು ಹುಡುಕಿಕೊಳ್ಳಿ.

ಈಗ ಕಿರುಚಾಟದ ವಿಷಯಕ್ಕೆ ಬರೋಣ.

ಸುಗಮ ಸಂಗೀತ ಮೆತ್ತಗಿರಬೇಕು ಅನ್ನೋದು ಎಲ್ಲಿಂದ ಬಂತು? ನನಗನ್ನಿಸೋದು, ಮೈಕಿನಿಂದ, ರೇಡಿಯೋದಿಂದ ಬಂತು. ಪಿ. ಕಾಳಿಂಗರಾಯರದ್ದು (1914-1981) ತುಂಬು ಕಂಠ, ಅವರೇನೂ ಪಿಸುಗುಟ್ಟಿದವರಲ್ಲ. ಆಮೇಲೆ ಬಂದ ಮೈಸೂರು ಅನಂತಸ್ವಾಮಿಯವರ (1936-1995) ದನಿಯಲ್ಲಿ ಒಂದು ಮೆದು, ಒಂದು ಸಂಕೋಚ ಇತ್ತು. ಪಕ್ಕದಲ್ಲಿ ಕೂತು ನಿಮಗೊಬ್ಬರಿಗೇ ಹೇಳಿದ ಹಾಗೆ ಹಾಡ್ತಿದ್ದರು. 1978ರಲ್ಲಿ ನಿಸಾರ್ ಅಹಮದರ ಪದ್ಯಗಳಿಗೆ ಅವರು ಟ್ಯೂನ್ ಹಾಕಿದ "ನಿತ್ಯೋತ್ಸವ" ಬಂತು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಹೆಸರಾದದ್ದು. ಮನೆಯಲ್ಲಿ ಟೇಪ್ ರೆಕಾರ್ಡರ್ ಪಕ್ಕ ಕೂತು ಕೇಳೋ ಹಾಡಿಗೆ ಆ ದನಿ ಹೇಳಿಮಾಡಿಸಿದ್ದು. ಅದನ್ನ ಕೇಳಿ ಬೆಳೆದವರಿಗೆ ಭಾವಗೀತೆ ಅಂದ್ರೆ ಹಾಗೇ ಇರಬೇಕು ಅನ್ನಿಸಿದ್ದರಲ್ಲಿ ತಪ್ಪಿಲ್ಲ. ನಮ್ಮಪ್ಪನೂ ಅದೇ ಪಾರ್ಟಿ.

ಆದರೆ ನಮ್ಮೂರು ಗುಬ್ಬಿ. ಗುಬ್ಬಿ ಅಂದ್ರೆ ನಿಮಗೆ ಕಂಪನಿ ನಾಟಕ ನೆನಪಾಗುತ್ತೆ ಅಲ್ವಾ? 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ. ಆಮೇಲೆ ವೀರಣ್ಣನವರ ಕೈಗೆ ಬಂದು ಅದು ನಾಡಿಗೆಲ್ಲ "ಗುಬ್ಬಿ ಕಂಪನಿ" ಆಯ್ತು. ಸ್ಟೇಜಿನ ಮೇಲೆ ಆನೆ ಕುದುರೆ ತಂದ "ಕುರುಕ್ಷೇತ್ರ"ದ ಕತೆ ನಮ್ಮೂರಲ್ಲಿ ಇವತ್ತಿಗೂ ಹೇಳ್ತಾರೆ. ನಾನು ಅದೇನೂ ನೋಡಿದೋನಲ್ಲ, ವೀರಣ್ಣ ತೀರಿಕೊಂಡಿದ್ದೇ 1972ರಲ್ಲಿ. ಆದರೆ ಆ ಕಾಲದ ನಟರು ಹೇಗೆ ಹಾಡ್ತಿದ್ದರು ಅನ್ನೋದನ್ನ ಯೋಚನೆ ಮಾಡಿ. ಶುರುವಿನ ವರ್ಷಗಳಲ್ಲಿ ಮೈಕ್ ಇಲ್ಲ. ಮುಂದೆ ಕುರ್ಚಿ, ಹಿಂದೆ ಬೆಂಚು, ಅದರ ಹಿಂದೆ ನೆಲ. ನಾಲ್ಕಾಣೆ ಕೊಟ್ಟು ನೆಲದ ಮೇಲೆ ಕೂತವನಿಗೂ ಪದ ಕೇಳಬೇಕು. ಕೇಳದೆ ಹೋದರೆ ಅವನು ಸುಮ್ಮನಿರ್ತಾನಾ? ಅದಕ್ಕೇ ಕಾಲು ಹಾರ್ಮೋನಿಯಂ, ಅದಕ್ಕೇ ಎತ್ತರದ ಶ್ರುತಿ, ಅದಕ್ಕೇ ಸಾಲಿನ ಕೊನೆಯಲ್ಲಿ ದನಿಯನ್ನ ಎಸೆಯೋದು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಹಾಡೋದು ಕೇಳಿದ್ದೀರಲ್ಲ? ಅವರನ್ನ ಯಾರಾದ್ರೂ "ಕಿರುಚ್ತಾರೆ" ಅಂತಾರಾ? ಕಂಚಿನ ಕಂಠ ಅಂತ ಕೈ ಮುಗೀತೀವಿ. ಅದೇ ದನಿ ಭಾವಗೀತೆಯ ವೇದಿಕೆಗೆ ಬಂದು ಜುಬ್ಬಾ ಹಾಕ್ಕೊಂಡು ಕೂತರೆ ಮಾತ್ರ ಕಿರುಚಾಟ!

ಅಶ್ವತ್ಥ್‍ಗೂ ಗುಬ್ಬಿ ಕಂಪನಿಗೂ ಸಂಬಂಧ ಇತ್ತು ಅಂತ ನಾನು ಹೇಳ್ತಿಲ್ಲ, ತಪ್ಪು ತಿಳ್ಕೋಬೇಡಿ. ಅವರದ್ದು ಹವ್ಯಾಸಿ ನಾಟಕ, ಕಾಲವೂ ಬೇರೆ. ಆದರೆ ಆ ದನಿಯ ಜಾತಿ ಒಂದೇ. ಕೊನೇ ಸಾಲಿನವನ ಕಡೆ ನೋಡಿಕೊಂಡು ಹಾಡೋ ದನಿ. ಓದು ಬರಹ ಗೊತ್ತಿದ್ದ ನಾಲ್ಕು ಮನೆಗಳ ಹಾಲಿನಲ್ಲಿ ಇದ್ದ ಕವಿತೆಯನ್ನ ಅಶ್ವತ್ಥ್ ಜಾತ್ರೆ ಮೈದಾನಕ್ಕೆ ಎಳ್ಕೊಂಡು ಬಂದರು. ಮೈದಾನಕ್ಕೆ ಬಂದ ಮೇಲೆ ಮೈದಾನದ ದನಿಯಲ್ಲೇ ಹಾಡಬೇಕಲ್ಲವೇ ಸ್ವಾಮಿ?

ಶರೀಫರ ಹಾಡುಗಳನ್ನೇ ತಗೊಳ್ಳಿ. ಶಿಶುನಾಳ ಶರೀಫರು 1819ರಿಂದ 1889ರ ತನಕ ಬದುಕಿದ್ದವರು, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಾಳದವರು. ಆ ಕಡೆಯ ಭಜನೆ ಮಂಡಳಿಗಳಲ್ಲಿ ಅವರ ತತ್ವಪದ ಮೊದಲಿಂದ ಇತ್ತು. ಆದರೆ ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಸಾಮಾನ್ಯ ಜನಕ್ಕೆ ಶರೀಫರು ಗೊತ್ತಾಗಿದ್ದು ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರ ಕ್ಯಾಸೆಟ್ಟುಗಳಿಂದ, ಆಮೇಲೆ ಆ ಸಿನಿಮಾದಿಂದ. ನಮ್ಮ ಬೀದಿಯ ತೆಂಗಿನಕಾಯಿ ವ್ಯಾಪಾರದೋರಿಗೆ ಧಾರವಾಡದ ಕಡೆ ಮಾತು ಕೇಳಿದ್ರೆ ನಗು ಬರ್ತಿತ್ತು. ಅಂಥೋರು ಮಳೆಗಾಲದಲ್ಲಿ ಹೆಂಚು ಸೋರಿದ್ರೆ "ಮಾಳಗಿ ಸೋರ್ತೈತೆ" ಅಂತ ಶರೀಫರ ಭಾಷೇಲಿ ಹೇಳೋಕೆ ಶುರುಮಾಡಿದ್ರು! ಆ ಹಾಡಿನಲ್ಲಿ ಮನೆ ಅಂದ್ರೆ ಮನೆಯಲ್ಲ, ಸೋರ್ತಿರೋದು ನೀರಲ್ಲ ಅನ್ನೋದು ನಿಧಾನಕ್ಕೆ ತಲೆಗೆ ಹೋಗುತ್ತೆ. ಹೋಗದೆ ಇದ್ದರೂ ಹಾಡು ಇರುತ್ತೆ.

ಇಲ್ಲೇ ನನಗೆ ಆ ಇಟಲಿಯವನು ಮತ್ತೆ ನೆನಪಾಗೋದು. "ಕೋಡಗನ ಕೋಳಿ ನುಂಗಿತ್ತಾ" ಹಾಡಿನ ಒಂದೊಂದು ಸಾಲಿಗೂ ಅರ್ಥ ಹೇಳಿ ಅಂದ್ರೆ ನಮ್ಮಲ್ಲಿ ಎಷ್ಟು ಜನ ಹೇಳ್ತೀವಿ? ಗುರುವಿನ ಪಾದ, ಅಹಂಕಾರ ಅಂತ ಏನೋ ತಡವರಿಸ್ತೀವಿ. ಆದರೆ ಆ ಹಾಡು ಬಂದ್ರೆ ಮದುವೆ ಮನೆಯಲ್ಲಿ ಅಡುಗೆಯವರೂ ಸೌಟು ಹಿಡ್ಕೊಂಡೇ ಹಾಡ್ತಾರೆ. ಚೆಲೆಂತಾನೊ ಅರ್ಥ ಇಲ್ಲದ ಪದ ಕಟ್ಟಿ ಜನರನ್ನ ಕುಣಿಸಿದ. ಅಶ್ವತ್ಥ್ ಅರ್ಥ ಒಳಗೆ ಬಚ್ಚಿಟ್ಟುಕೊಂಡಿರೋ ಪದ ತಗೊಂಡು, ಅರ್ಥ ಸಿಗೋಕೆ ಮುಂಚೆಯೇ ಜನರ ಬಾಯಿಗೆ ಹಾಕಿಬಿಟ್ಟರು. ಎರಡರಲ್ಲೂ ಮೊದಲು ಸಿಕ್ಕಿದ್ದು ಲಯ. ಆದರೆ ನಮ್ಮ ಹಾಡಿನಲ್ಲಿ ಹತ್ತು ವರ್ಷ ಆದ ಮೇಲೆ ಯಾವತ್ತೋ ಬಸ್ಸಿನಲ್ಲಿ ಕೂತಾಗ ಒಂದು ಸಾಲು ಬಿಚ್ಚಿಕೊಳ್ಳುತ್ತೆ. ನನಗೆ ಹಾಗಾಗಿದ್ದು ಹೆಬ್ಬೂರು ದಾಟಿದ ಮೇಲೆ, ಕುಣಿಗಲ್ ಬಸ್ಸಿನಲ್ಲಿ. ಯಾವ ಸಾಲು ಅಂತ ಹೇಳಲ್ಲ, ನಿಮ್ಮದು ಬೇರೆ ಇರುತ್ತೆ.

ಕುಣಿಗಲ್ ಅಂದ ಕೂಡಲೇ ಚಿಕ್ಕಪ್ಪನ ವಿಷಯ ಹೇಳಲೇಬೇಕು. ನಮ್ಮ ಚಿಕ್ಕಪ್ಪ ಅಶ್ವತ್ಥ್ ಪಾರ್ಟಿ, ಕಟ್ಟಾ. ಕುಣಿಗಲ್‍ನಲ್ಲಿ ಅಂಗಡಿ. ಗಣೇಶನ ಹಬ್ಬ, ರಾಜ್ಯೋತ್ಸವ ಬಂದ್ರೆ ಆರ್ಕೆಸ್ಟ್ರಾದಲ್ಲಿ ಹಾಡ್ತಿದ್ದರು. "ಅಶ್ವತ್ಥ್ ನಮ್ ರಸ್ತೆಯೋರು ಕಣ್ಲಾ" ಅಂತಾರೆ. ಅಂದ್ರೆ ಬೆಂಗಳೂರಿಂದ ಹೊರಟು ಕುಣಿಗಲ್, ಬೆಳ್ಳೂರು ಕ್ರಾಸ್ ದಾಟಿದ್ರೆ ಚನ್ನರಾಯಪಟ್ಟಣ. ಒಂದೇ ಹೈವೇ. ಅಷ್ಟೇ ನೆಂಟಸ್ತನ! "ಕಾಣದ ಕಡಲಿಗೆ" ಹಾಡಿದ್ರೆ ಕೆರೆ ಏರಿ ಮೇಲೆ ಹೋಗೋರೂ ನಿಂತ್ಕೊಳ್ಳೋರಂತೆ. ಸ್ವಲ್ಪ ಜಾಸ್ತಿ ಆಯ್ತು, ಆದರೂ ಇರಲಿ.

ಸುಮಾರು ಆರು ವರ್ಷದ ಕೆಳಗೆ ಚಿಕ್ಕಪ್ಪನ ದನಿ ಒಡೆಯೋಕೆ ಶುರುವಾಯ್ತು. ಡಾಕ್ಟರು ನೋಡಿ ಸ್ವರತಂತುವಿನ ಮೇಲೆ ಗಂಟಾಗಿದೆ, ಎತ್ತರದಲ್ಲಿ ಹಾಡಬೇಡಿ ಅಂದರು. ಅಪ್ಪ ಅಂತೂ ಬಿಡಲಿಲ್ಲ. "ನಾನು ಆವಾಗಲೇ ಬಡ್ಕೊಂಡೆ, ಆ ಅಶ್ವತ್ಥ್ ಥರ ಅರಚಬೇಡ, ಅನಂತಸ್ವಾಮಿ ಥರ ಹಾಡು ಅಂತ." ಚಿಕ್ಕಪ್ಪ ಒಡಕು ದನಿಯಲ್ಲೇ, "ಅಣ್ಣಯ್ಯ, ಹಂಗೆ ಹಾಡಿದ್ರೆ ಗಂಟ್ಲು ಉಳೀತಿತ್ತು. ಆದ್ರೆ ಹಿಂದ್ಗಡೆ ಕೂತಿದ್ದೋರು ಎದ್ದೋಗಿ ಕಳ್ಳೆಪುರಿ ತಿಂತಾ ನಿಂತಿರೋರು" ಅಂದರು. ಎಲ್ಲರೂ ನಕ್ಕೆವು. ಆದರೆ ಆ ವರ್ಷದ ಗಣೇಶನ ಆರ್ಕೆಸ್ಟ್ರಾಕ್ಕೆ ಚಿಕ್ಕಪ್ಪ ಹೋಗಲಿಲ್ಲ. ಬಾಗಿಲು ಹಾಕ್ಕೊಂಡು ಮಲಗಿದ್ದರು ಅಂತ ಚಿಕ್ಕಮ್ಮ ಆಮೇಲೆ ಹೇಳಿದರು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಇದು ನನ್ನ ವಾದಕ್ಕೆ ವಿರುದ್ಧ ಸಾಕ್ಷಿ. ಮುಚ್ಚಿಟ್ಟು ಬರೆಯೋದು ಮೋಸ. ಹೌದು, ಅಶ್ವತ್ಥ್ ಥರ ಹಾಡೋಕೆ ಹೋಗಿ ಗಂಟಲು ಕೆಡಿಸಿಕೊಂಡವರು, ಹಾಡು ಕೆಡಿಸಿದವರು ಊರಿಗೊಬ್ಬರು ಸಿಗ್ತಾರೆ. ನವೆಂಬರ್ ತಿಂಗಳು ಪೂರ್ತಿ ನಮ್ಮ ಕಿವಿಗೆ ಬೀಳೋ "ಬಾರಿಸು ಕನ್ನಡ ಡಿಂಡಿಮವ"ಗಳಲ್ಲಿ ಮುಕ್ಕಾಲು ಪಾಲು ಕೇಳೋ ಹಾಗಿರಲ್ಲ. ಆ ತೀರ್ಪುಗಾರರು ದಿನಕ್ಕೆ ನಲವತ್ತು ಜನ ಹೀಗೆ ಹಾಡೋದು ಕೇಳಿ ತಲೆನೋವು ಬಂದು ಹಾಗೆ ಹೇಳಿರಬಹುದು, ಪಾಪ. ಅಶ್ವತ್ಥ್ ಅವರೇ ಕೊನೆಕೊನೆಯ ಕಾರ್ಯಕ್ರಮಗಳಲ್ಲಿ ಕೀಬೋರ್ಡು, ಕೋರಸ್ಸು ಎಲ್ಲ ಸೇರಿಸಿ ಕೆಲವು ಹಾಡುಗಳನ್ನ ಎಷ್ಟು ಹಿಗ್ಗಿಸಿದರು ಅಂದ್ರೆ ಪದ್ಯ ಎಲ್ಲೋ ಕಳೆದುಹೋಗ್ತಿತ್ತು. ಅದೂ ನಿಜ.

ಆದರೆ ಎತ್ತರಕ್ಕೆ ಹೋಗೋದೊಂದೇ ಅವರ ವಿದ್ಯೆಯಾಗಿದ್ದರೆ "ರಾಯರು ಬಂದರು ಮಾವನ ಮನೆಗೆ" ಹೇಗೆ ಬರ್ತಿತ್ತು ಹೇಳಿ? ಕೆಎಸ್‍ನ ಪದ್ಯ ಗೊತ್ತಲ್ಲ, ಹೆಂಡತಿಯನ್ನ ನೋಡೋ ಆಸೆಯಿಂದ ಅಳಿಯ ಮಾವನ ಮನೆಗೆ ಬರ್ತಾನೆ. ಕಾಲಿಗೆ ನೀರು, ಊಟ, ಹಾಸಿಗೆ, ಉಪಚಾರ ಎಲ್ಲ ಭರ್ಜರಿ. ಹೆಂಡತಿ ಮಾತ್ರ ಕಾಣಲ್ಲ. ಯಾಕೆ ಕಾಣಲ್ಲ ಅನ್ನೋದು ಕೊನೆಗೆ ಗೊತ್ತಾಗುತ್ತೆ. ಆ ಹಾಡಿಗೆ ಅಶ್ವತ್ಥ್ ಹಾಕಿರೋ ಟ್ಯೂನಿನಲ್ಲಿ ಒಂದು ಕಡೆಯೂ ಅಬ್ಬರ ಇಲ್ಲ. ಮನೆಯ ಹೆಂಗಸರು ಬಾಗಿಲ ಸಂದಿಯಿಂದ ನೋಡ್ತಾ ನಗು ತಡ್ಕೊಂಡಿರೋ ಹಾಗಿದೆ. ಅಳಿಯನ ಆಸೆ ಬೆಳೀತಾ ಹೋಗುತ್ತೆ, ಟ್ಯೂನು ಮಾತ್ರ ಏನೂ ಗೊತ್ತಿಲ್ಲದ ಹಾಗೆ ನಡೀತಾ ಇರುತ್ತೆ. ಆ ನಗು ಹಾಡಿನ ಕೊನೆಯ ತನಕ ಬಾಯಿ ಬಿಡಲ್ಲ. "ದೀಪವು ನಿನ್ನದೆ" ಕೇಳಿ. ಅದೂ ಅಷ್ಟೇ, ದೇವರ ಮನೆಯಲ್ಲಿ ಮಾತಾಡಿದ ಹಾಗೆ.

ಹಾಗಾದ್ರೆ ಎಲ್ಲಿ ಏರುತ್ತಾರೆ? ಪದ್ಯ ಏರಿದ ಕಡೆ. ಜಿ. ಎಸ್. ಶಿವರುದ್ರಪ್ಪನವರ "ಕಾಣದ ಕಡಲಿಗೆ" ಪದ್ಯದಲ್ಲಿ ಒಬ್ಬ ಸಮುದ್ರವನ್ನ ನೋಡೇ ಇಲ್ಲ. ಬರೀ ಕೇಳಿದ್ದಾನೆ. ನೋಡ್ತೀನೋ ಇಲ್ಲವೋ, ಸೇರ್ತೀನೋ ಇಲ್ಲವೋ ಅನ್ನೋ ತವಕ. ಅಶ್ವತ್ಥ್ ಕೆಳಗೆ, ತನಗೆ ತಾನೇ ಹೇಳಿಕೊಳ್ಳೋ ಹಾಗೆ ಶುರುಮಾಡ್ತಾರೆ. ಆಮೇಲೆ ಕಡಲಿನ ಮೊರೆತವನ್ನ ಊಹಿಸಿಕೊಳ್ಳೋ ಜಾಗಕ್ಕೆ ಬಂದಾಗ ದನಿ ಹತ್ತುತ್ತೆ, ಒಡೆಯೋ ಅಂಚಿಗೆ ಹೋಗುತ್ತೆ, ಅಲ್ಲೇ ನಿಲ್ಲುತ್ತೆ. ಕಡಲು ಸಿಗಲಿಲ್ಲ ಅನ್ನೋದು ಆ ದನಿ ಒಡೆಯೋ ಜಾಗದಲ್ಲಿ ಇದೆ. ಅದನ್ನ ಮೆತ್ತಗೆ, ನಯವಾಗಿ, ಶ್ರುತಿ ಪೆಟ್ಟಿಗೆಯಷ್ಟೇ ನೇರವಾಗಿ ಹಾಡಿದ್ರೆ ಆ ಮನುಷ್ಯ ಆಗಲೇ ಬೀಚಿನಲ್ಲಿ ಕಡ್ಲೆಕಾಯಿ ತಿಂತಾ ಕೂತಿದ್ದಾನೆ ಅನ್ನಿಸುತ್ತೆ. ಬಯಲುಸೀಮೆಯ ನಮಗೆ, ಕೆರೆಗಿಂತ ದೊಡ್ಡ ನೀರು ನೋಡದೆ ಬೆಳೆದ ನಮಗೆ, ಆ ಏರುದನಿ ಬೇಕೇ ಬೇಕು.

ಅವರ ಹಿಂದೆ ಬಂದವರು ಎತ್ತಿಕೊಂಡಿದ್ದು ಏರುದನಿಯನ್ನ ಮಾತ್ರ. ಅಲ್ಲಿಗೆ ಹೋಗೋ ಮುಂಚಿನ ಆ ಕೆಳಗಿನ ಎರಡು ಸಾಲು ಯಾರಿಗೂ ಬೇಡ. ನನ್ನ ಕಾಲೇಜಿನ ಹಾಡನ್ನ ಈಗ ಯೋಚಿಸಿದ್ರೆ ನಾನು ಮಾಡಿದ್ದೂ ಅದೇ ಕೆಲಸ. ಮೊದಲ ಸಾಲಿಂದಲೇ ಮಾಳಿಗೆ ಹಾರಿಸಿಬಿಟ್ಟಿದ್ದೆ. ಹಾಗಾಗಿ ತೀರ್ಪುಗಾರರೇ, ನೀವು "ನಿನ್ನ ಥರ ಕಿರುಚಬಾರದು" ಅಂದಿದ್ದರೆ ಒಪ್ತಿದ್ದೆ. ಅಶ್ವತ್ಥ್ ಹೆಸರು ತರಬಾರದಾಗಿತ್ತು.

ಇದೇ ಜಗಳದ ದೊಡ್ಡ ರೂಪ ನಾಡಗೀತೆಯ ವಿಷಯದಲ್ಲಿ ಆಯ್ತು. ಕುವೆಂಪು ಅವರ "ಜಯ ಭಾರತ ಜನನಿಯ ತನುಜಾತೆ" 2004ರಲ್ಲಿ ನಾಡಗೀತೆಯಾಯ್ತು. ಯಾವ ಧಾಟಿ ಅನ್ನೋದು ಮಾತ್ರ ತೀರ್ಮಾನ ಆಗಲಿಲ್ಲ. ಅನಂತಸ್ವಾಮಿಯವರದ್ದಾ, ಅಶ್ವತ್ಥ್ ಅವರದ್ದಾ? ಸಮಿತಿ ಮೇಲೆ ಸಮಿತಿ. ನಮ್ಮ ಮನೆಯಲ್ಲೂ ಹಬ್ಬಕ್ಕೆ ಸೇರಿದಾಗೆಲ್ಲ ಅಪ್ಪ ಚಿಕ್ಕಪ್ಪ ಒಬ್ಬಟ್ಟಿನ ಎಲೆ ಮುಂದೆ ಇದೇ ಜಗಳ. ಕೊನೆಗೆ ಎಚ್. ಆರ್. ಲೀಲಾವತಿಯವರ ಸಮಿತಿ ಹೇಳಿದ ಮೇಲೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಆದೇಶ ಮಾಡಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು, 2024ರಲ್ಲಿ ಅರ್ಜಿ ವಜಾ ಆಯ್ತು.

ನಾನೇನೋ ಅಶ್ವತ್ಥ್ ಪರ, ಆದ್ದರಿಂದ ಈ ಆದೇಶಕ್ಕೆ ಬೈತೀನಿ ಅಂದ್ಕೊಂಡ್ರಾ? ಇಲ್ಲ. ಸರಿಯಾಗೇ ಇದೆ ಅಂತೀನಿ. ಚಿಕ್ಕಪ್ಪ ಇದನ್ನ ಓದಿದ್ರೆ ನನ್ನ ಕುಣಿಗಲ್‍ಗೆ ಸೇರಿಸಲ್ಲ. ನಾಡಗೀತೆಯನ್ನ ಬೆಳಿಗ್ಗೆ ಒಂಬತ್ತೂವರೆಗೆ, ಬಿಸಿಲಲ್ಲಿ ಸಾಲಾಗಿ ನಿಂತ, ತಿಂಡಿ ತಿಂದೋ ತಿನ್ನದೆಯೋ ಬಂದ ಮುನ್ನೂರು ಮಕ್ಕಳು ಒಟ್ಟಿಗೆ ಹಾಡಬೇಕು. ಅದು ಎಲ್ಲರ ಗಂಟಲಿಗೂ ಸಿಗಬೇಕು. ಅನಂತಸ್ವಾಮಿಯವರ ಧಾಟಿ ಸಿಗುತ್ತೆ. ನಾನೂ ಗುಬ್ಬಿಯ ಶಾಲೆಯಲ್ಲಿ ಅದನ್ನೇ ಹಾಡಿದ್ದು, ಒಂದು ದಿನವೂ ಗಂಟಲು ನೋಯಲಿಲ್ಲ. ಅಶ್ವತ್ಥ್ ಅವರ ಹಾಡು ಒಬ್ಬ ಮನುಷ್ಯನ ಹಾಡು. ಅದು ಎಲ್ಲರೂ ಅಟೆನ್ಷನ್‍ನಲ್ಲಿ ನಿಂತು ಹಾಡೋದಲ್ಲ. ಒಬ್ಬ ಹುಚ್ಚನ ಹಾಗೆ ಹಾಡ್ತಾನೆ, ಉಳಿದ ಸಾವಿರ ಜನ ಮೈ ಮರೆತು ಜೊತೆಗೆ ಕೂಗ್ತಾರೆ. 2005ರ ಏಪ್ರಿಲ್‍ನಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ "ಕನ್ನಡವೇ ಸತ್ಯ" ನಡೆದಾಗ ಲಕ್ಷ ಜನ ಸೇರಿದ್ದರು ಅಂತಾರೆ. ಸಿನಿಮಾ ನಟರಿಗಲ್ಲ, ಕ್ರಿಕೆಟ್ಟಿಗಲ್ಲ, ಕುವೆಂಪು, ಬೇಂದ್ರೆ, ಕೆಎಸ್‍ನ, ಶರೀಫರ ಪದ್ಯ ಕೇಳೋಕೆ! ಚಿಕ್ಕಪ್ಪ ಅಂಗಡಿ ಮುಚ್ಚಿ ಹೋಗಿದ್ದರು. ಅಪ್ಪ ಹೋಗಲಿಲ್ಲ. ಟೀವಿಯಲ್ಲಿ ಬಂದಾಗ ಮಾತ್ರ ಕೊನೇ ತನಕ ಎದ್ದೇಳಲಿಲ್ಲ ಅಂತ ಅಮ್ಮನ ವರದಿ.

ಹಾಗಾಗಿ ಸರ್ಕಾರದ ಆದೇಶ ಅಶ್ವತ್ಥ್‍ಗೆ ಆದ ಅವಮಾನ ಅಂತ ನನಗನ್ನಿಸಲ್ಲ. ಅವರನ್ನ ಸಮಿತಿಯ ಕೈಗೆ ಕೊಟ್ಟು 2 ನಿಮಿಷ 30 ಸೆಕೆಂಡಿಗೆ ಕತ್ತರಿಸಿ ಶಾಲೆಯ ಕಾಂಪೌಂಡಿನಲ್ಲಿ ನಿಲ್ಲಿಸಿದ್ದರೆ ಆಗ ಅವಮಾನ ಆಗ್ತಿತ್ತು. ಏನಂತೀರಾ?

ನಿಜವಾಗಿ ಅವರಿಗೆ ಅನ್ಯಾಯ ಆಗಿದ್ದು ಬೇರೆ ದಿನ. 2009ರ ಡಿಸೆಂಬರ್ 29. ಸರಿಯಾಗಿ 70 ತುಂಬಿದ ದಿನವೇ ಹೋಗಿಬಿಟ್ಟರು. ನಾನಾಗ ಚಿಕ್ಕ ಹುಡುಗ. ಚಿಕ್ಕಪ್ಪ ಫೋನ್ ಮಾಡಿದಾಗ ಅಪ್ಪ "ಹೌದೇನೋ..." ಅಂತ ಅಷ್ಟೇ ಅಂದು ತುಂಬಾ ಹೊತ್ತು ಫೋನ್ ಹಿಡಿದೇ ನಿಂತಿದ್ದರು. ಸಂಜೆ, ತಮ್ಮದೇ ಡಬ್ಬದಿಂದ ಒಂದು ಕ್ಯಾಸೆಟ್ ತೆಗೆದು ಹಾಕಿದರು. ಮೈಸೂರು ಮಲ್ಲಿಗೆ. ಅನಂತಸ್ವಾಮಿ ಪಾರ್ಟಿಯ ಅಪ್ಪನ ಡಬ್ಬದಲ್ಲಿ ಅಶ್ವತ್ಥ್ ಕ್ಯಾಸೆಟ್ ಇತ್ತು ಅನ್ನೋದು ನನಗೆ ಗೊತ್ತಾಗಿದ್ದೇ ಆವತ್ತು. ಮಾರನೇ ದಿನ ಬೆಳಿಗ್ಗೆ ವಿಷ್ಣುವರ್ಧನ್ ಹೋದ ಸುದ್ದಿ ಬಂತು. ಅಂಗಡಿ ಮುಂಗಟ್ಟು ಮುಚ್ಚಿದ್ವು, ಬೆಂಗಳೂರಿನಲ್ಲಿ ಬಸ್ಸಿಗೆ ಕಲ್ಲು ಬಿತ್ತು, ಟೀವಿಯಲ್ಲೆಲ್ಲ ಅದೇ. ವಿಷ್ಣು ಬಗ್ಗೆ ನನಗೆ ಬೇಜಾರಿಲ್ಲ, ನಮ್ಮನೆಯಲ್ಲಿ ಅವರಿಗೂ ಅತ್ತರು. ಆದರೆ ಅಶ್ವತ್ಥ್‍ಗೆ ಅಂತ ಒಂದು ಪೂರ್ತಿ ದಿನವೂ ಸಿಗಲಿಲ್ಲ. ಅಷ್ಟು ಜೋರಾಗಿ ಹಾಡಿದ ಮನುಷ್ಯ ಅಷ್ಟು ಸದ್ದಿಲ್ಲದೆ ಹೋಗಿಬಿಟ್ಟರು.

ಇಟಲಿಯ ಗೆಳೆಯನಿಗೆ "ಕೋಡಗನ ಕೋಳಿ" ಕಳಿಸಿದೆ. ಅರ್ಥ ಏನು ಅಂತ ಕೇಳಿದ. ಕೋಳಿ ಕೋತಿಯನ್ನ ನುಂಗಿತು ಅಂದೆ. ಐದು ನಿಮಿಷ ಬಿಟ್ಟು "ಇನ್ನೊಂದು ಕಳಿಸು" ಅಂತ ಮೆಸೇಜ್ ಬಂತು.

ಚಿಕ್ಕಪ್ಪ ಕಳೆದ ವರ್ಷದಿಂದ ಮತ್ತೆ ಹಾಡ್ತಿದ್ದಾರೆ. ಶ್ರುತಿ ಎರಡು ಮನೆ ಇಳಿಸಿಕೊಂಡು, ಮನೆಯಲ್ಲಿ ಮಾತ್ರ. "ಕಾಣದ ಕಡಲಿಗೆ" ಶುರುಮಾಡ್ತಾರೆ, ಏರೋ ಜಾಗ ಬಂದಾಗ ನಿಲ್ಲಿಸಿ ಕೈ ಮಾತ್ರ ಮೇಲೆತ್ತುತ್ತಾರೆ. ಹೋದ ಯುಗಾದಿಗೆ ಹಾಗೆ ನಿಲ್ಲಿಸಿದಾಗ ಆ ಸಾಲನ್ನ ಎತ್ತಿಕೊಂಡು ಹಾಡಿದ್ದು ಅಪ್ಪ. ಶ್ರುತಿ ಎಲ್ಲೆಲ್ಲೋ ಹೋಯ್ತು. ಯಾರೂ ಏನೂ ಅನ್ನಲಿಲ್ಲ.

ಅಂದ ಹಾಗೆ, ಅಪ್ಪನ ಆ ಕ್ಯಾಸೆಟ್ ಇನ್ನೂ ಇದೆ, ಪ್ಲೇಯರಿನ ಬೆಲ್ಟ್ ಹೋಗಿದೆ. ತುಮಕೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಡೋರು ಯಾರಾದ್ರೂ ಗೊತ್ತಿದ್ರೆ ದಯವಿಟ್ಟು ತಿಳಿಸಿ. ಡಿಸೆಂಬರ್ 29ರ ಒಳಗೆ ಆದ್ರೆ ಒಳ್ಳೇದು.